ಎಡಹುಬ್ಬಿನ ಹತ್ತು ಡಿಗ್ರಿ

ಸಾರ್ವಜನಿಕ ಪೀಠೋಪಕರಣ ಇಲಾಖೆಯ ಬೆಂಚುಗಳಲ್ಲಿ ಸ್ಫೂರ್ತಿ ಇಲ್ಲ ಎಂಬ ಅಂಶವು ಹನ್ನೊಂದು ಸಭೆಗಳ ನಂತರ ಸರ್ವಾನುಮತದಿಂದ ಸಾಬೀತಾಯಿತು. ಆಸ್ಪತ್ರೆ, ಬಸ್ ನಿಲ್ದಾಣ, ಕಂದಾಯ ಕಚೇರಿ ಮುಂತಾದ ಕಡೆ ಜನರು ಕಾಯುವುದಕ್ಕೆಂದು ಹಾಕುವ ಎಲ್ಲ ಬೆಂಚುಗಳನ್ನು ಇನ್ನು ಮುಂದೆ ಸಾಂಪ್ರದಾಯಿಕ ಮರದ ಮುಖವಾಡಗಳಿಂದ ಸ್ಫೂರ್ತಿ ಪಡೆದು ವಿನ್ಯಾಸಗೊಳಿಸತಕ್ಕದ್ದು ಎಂದು ಹನ್ನೆರಡನೆಯ ಸಭೆ ತೀರ್ಮಾನಿಸಿತು. ಮುಖವಾಡವೇ ಏಕೆ ಎಂದು ಯಾರೂ ಕೇಳಲಿಲ್ಲ. ಅಧ್ಯಯನ ಪ್ರವಾಸಕ್ಕೆ ಹೋಗಿದ್ದ ನಿರ್ದೇಶಕರು ಯಾವುದೋ ಹೋಟೆಲಿನ ಊಟದ ಕೋಣೆಯಲ್ಲಿ ಒಂದು ಮುಖವಾಡ ನೋಡಿ ಬಂದಿದ್ದರು, ಇಲಾಖೆಗೆ ಅಷ್ಟು ಸಾಕಾಗಿತ್ತು.

ಸ್ಫೂರ್ತಿಯ ದುರುಪಯೋಗ ಆಗಬಾರದೆಂದು ನಿಯಮಾವಳಿಯೂ ಹೊರಟಿತು. "ಸ್ಫೂರ್ತಿಯು ಕೆಲಸದ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದರಿಂದ ಒಂದು ಗಂಟೆಯವರೆಗೆ ಹಾಗೂ ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆಯವರೆಗೆ ಮಾತ್ರ ಬರತಕ್ಕದ್ದು. ಬರುವಾಗ ಕನಿಷ್ಠ ಇಬ್ಬರು ನೌಕರರು ಹಾಜರಿದ್ದು ಸಹಿ ಮಾಡತಕ್ಕದ್ದು. ಊಟದ ವೇಳೆಯಲ್ಲಿ ಬಂದ ಸ್ಫೂರ್ತಿಯನ್ನು ಪರಿಗಣಿಸಲಾಗುವುದಿಲ್ಲ. ಒಮ್ಮೆ ದೃಢೀಕರಿಸಿದ ಸ್ಫೂರ್ತಿಯನ್ನು ಹಿಂಪಡೆಯಲು ಅವಕಾಶವಿರುವುದಿಲ್ಲ." ಇದನ್ನೆಲ್ಲ ನೋಡಿಕೊಳ್ಳಲು ಸ್ಫೂರ್ತಿ ಅಧಿಕಾರಿ ಎಂಬ ಹುದ್ದೆ ಸೃಷ್ಟಿಯಾಯಿತು. ಆ ಹುದ್ದೆಗೆ ಬಂದವರು ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಒಳಚರಂಡಿ ವಿಭಾಗದಲ್ಲಿದ್ದರು. ಎರಡೂ ಕಡೆ ಕೆಲಸ ಒಂದೇ, ಎಲ್ಲೂ ಕಟ್ಟಿಕೊಳ್ಳದಂತೆ ನೋಡಿಕೊಂಡರಾಯಿತು ಎಂದು ಅವರು ತಿಳಿದಿದ್ದರು.

ಹೀಗೆ ಒಂದು ಮಂಗಳವಾರ, ಸ್ಫೂರ್ತಿಯ ವೇಳೆ ಶುರುವಾಗಿ ಹತ್ತು ನಿಮಿಷಕ್ಕೆ, ಅಧಿಕಾರಿಗಳು ಉಳಿಯಣ್ಣನ ಮನೆ ಬಾಗಿಲಿಗೆ ಬಂದರು. ಉಳಿಯಣ್ಣ ಎಂಬುದು ಓಣಿಯವರು ಇಟ್ಟ ಹೆಸರು. ಮೂರು ತಲೆಮಾರಿನಿಂದ ಮುಖವಾಡ ಕೆತ್ತುವ ಮನೆ ಅದು. ಮುಂಬಾಗಿಲ ಕೋಣೆಯೇ ಕೆಲಸದ ಜಾಗ. ಅಲ್ಲಿ ಕೂತು ಚಹಾ ಕುಡಿದರೆ ಲೋಟದ ತಳದಲ್ಲಿ ಸಕ್ಕರೆಯ ಜೊತೆ ಮರದ ಹೊಟ್ಟೂ ಸಿಗುತ್ತಿತ್ತು. ಉಳಿ ಹಿಡಿದರೆ ಉಳಿಯಣ್ಣನ ಕೈ ಒಂದು ಕೂದಲಷ್ಟೂ ಆಚೀಚೆ ಆಗುತ್ತಿರಲಿಲ್ಲ. ಆದರೆ ಅಧಿಕಾರಿಗಳನ್ನು ಕಂಡರೆ ನಾಲಿಗೆ ಮಾತ್ರ ಅಂಗುಳಕ್ಕೆ ಅಂಟಿಕೊಂಡುಬಿಡುತ್ತಿತ್ತು.

"ಸಂಪ್ರದಾಯ ಎಲ್ಲಿಟ್ಟಿದೀರಿ?" ಎಂದು ಅಧಿಕಾರಿಗಳು ಕೇಳಿದರು.

ಉಳಿಯಣ್ಣ ಸಾಲಾಗಿ ಒಣಗಿಸಿಟ್ಟಿದ್ದ ಒಂಬತ್ತು ಮುಖವಾಡ ತೋರಿಸಿದ.

"ಯಾವಾಗ ಮಾಡಿದ್ದು ಇವು?"

"ಈ ವರ್ಷಾನೇ ಸಾರ್."

"ಈ ವರ್ಷ ಮಾಡಿದ್ದು ಸಂಪ್ರದಾಯ ಹೇಗ್ರೀ ಆಗುತ್ತೆ? ಹಳೇದು ಬೇಕು. ಅದೇನದು, ಮೇಲಿರೋದು?"

ಗೋಡೆಯ ಮೇಲೆ, ಎಣ್ಣೆ ಕುಡಿದು ಕುಡಿದು ಕಪ್ಪಾದ ಒಂದು ನಗುಮುಖವಿತ್ತು. ಉಳಿಯಣ್ಣನ ಅಪ್ಪ ಕೆತ್ತಿದ್ದು. ಬಲಹುಬ್ಬು ನೆಟ್ಟಗಿತ್ತು, ಎಡಹುಬ್ಬು ಮಾತ್ರ 'ಹೌದೇ?' ಎಂದು ಕೇಳುವ ಹಾಗೆ ಮೇಲಕ್ಕೆ ಹಾರಿತ್ತು. ಅದಕ್ಕೊಂದು ಕಾರಣವಿತ್ತು. ಐವತ್ತೆಂಟು ವರ್ಷದ ಹಿಂದೆ ಅಪ್ಪ ಆ ಹುಬ್ಬಿನ ಮೇಲೆ ಉಳಿ ಇಟ್ಟಿದ್ದಾಗ, ಪಕ್ಕದ ಮನೆಯ ದೊಡ್ಡಮ್ಮ ಕಿಟಕಿಯಿಂದ "ಗಂಡು ಮಗು!" ಎಂದು ಕೂಗಿದ್ದಳು. ಉಳಿ ಜಿಗಿಯಿತು, ಹುಬ್ಬು ಹಾರಿತು. ತಿದ್ದಿಬಿಡು ಎಂದವರಿಗೆಲ್ಲ ಅಪ್ಪ, "ಇದು ನನ್ನ ಕೈತಪ್ಪಲ್ಲ, ನನ್ನ ಮಗ ಮಾಡಿದ ಮೊದಲನೇ ಕೆಲಸ. ಇರಲಿ" ಎಂದು ಹೇಳಿ ಮುಖವಾಡವನ್ನು ಮಾರದೆ ತೊಟ್ಟಿಲ ಮೇಲೆ ತೂಗುಹಾಕಿದ್ದ. ಉಳಿಯಣ್ಣನ ಮಗಳು ಹುಟ್ಟಿದಾಗ ಅದು ಅವಳ ತೊಟ್ಟಿಲ ಮೇಲೂ ಬಂತು. ಈಗ ಮಗಳು ಐದು ತಿಂಗಳ ಬಸುರಿ. ಉಳಿಯಣ್ಣನ ಜನನ ಪತ್ರವನ್ನು ಗೆದ್ದಲು ಎಂದೋ ತಿಂದುಹಾಕಿತ್ತು. ತಾನು ಈ ಲೋಕಕ್ಕೆ ಬಂದೆ, ಬಂದಾಗ ಒಬ್ಬರ ಕೈ ನಡುಗಿತು ಎನ್ನುವುದಕ್ಕೆ ಅವನ ಬಳಿ ಇದ್ದ ಪುರಾವೆ ಆ ಹುಬ್ಬೊಂದೇ. ಅದನ್ನು ನೋಡಿದಾಗಲೆಲ್ಲ ಅವನಿಗೆ ಸಂತೋಷವಾಗುತ್ತಿತ್ತು, ಅದನ್ನವನು ಯಾರ ಮುಂದೂ ಮುಚ್ಚಿಡುತ್ತಿರಲಿಲ್ಲ.

ಅಧಿಕಾರಿಗಳು ಈ ಕಥೆಯನ್ನು ಪೂರ್ತಿ ಕೇಳಿ, ರಸೀದಿಯಲ್ಲಿ 'ವಸ್ತುವಿನ ಇತಿಹಾಸ' ಎಂಬ ಅಂಕಣದಲ್ಲಿ ಬರೆದುಕೊಂಡರು. "ಏಳೇ ಏಳು ದಿನ. ಸ್ಫೂರ್ತಿ ತಗೊಂಡು ವಾಪಸ್ ಕೊಡ್ತೀವಿ."

ಒಳಗಿನಿಂದ ಹೆಂಡತಿ ಕಣ್ಣಲ್ಲೇ ಕರೆದಳು. "ರೀ, ಕೊಡಬೇಡಿ. ಅವರ ಏಳು ದಿನ ಯಾವ ಕ್ಯಾಲೆಂಡರಲ್ಲಿ ಇರುತ್ತೋ ಏನೋ."

"ಸರ್ಕಾರದೋರು ಕಣೇ. ಬಾಗಿಲಿಗೆ ಬಂದಿದಾರೆ."

"ಬಾಗಿಲಿಗೆ ಬಂದದ್ದಕ್ಕೇ ಹೇಳ್ತಿರೋದು."

ಉಳಿಯಣ್ಣ ಮುಖವಾಡವನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಬೇರೆಯವರ ಕೈಗೆ ಕೊಡಲಾರದೆ, ತಾನೇ ಎತ್ತಿಕೊಂಡು ಇಲಾಖೆಗೆ ಹೋದ.

ಅಲ್ಲಿ ಮುಖವಾಡವನ್ನು ನಕ್ಷೆಯವರ ಮೇಜಿನ ಮೇಲೆ ಪುಸ್ತಕಗಳಿಗೆ ಒರಗಿಸಿ ನಿಲ್ಲಿಸಲಾಯಿತು. ನಕ್ಷೆಯವರು ಎಂದರೆ ಬೆಂಚುಗಳ ನಕ್ಷೆ ಬರೆಯುವವರು, ಸಾಧು ಮನುಷ್ಯ. ಅವರ ಮೇಜಿನ ಒಂದು ಕಾಲು ಹತ್ತೊಂಬತ್ತು ವರ್ಷದಿಂದ ಗಿಡ್ಡ. ದುರಸ್ತಿಗೆಂದು ಅವರು ಪೀಠೋಪಕರಣ ಇಲಾಖೆಗೆ ಅರ್ಜಿ ಹಾಕಿದ್ದರು. ತಾವೇ ಪೀಠೋಪಕರಣ ಇಲಾಖೆಯಾದ್ದರಿಂದ ಅರ್ಜಿ ಬೇರೆ ಇಲಾಖೆಯ ಮೂಲಕ ಬರಬೇಕೆಂದು ಅದು ಬಾಕಿ ಉಳಿದಿತ್ತು. ಅಲ್ಲಿಯವರೆಗೆ ಆ ಕಾಲಿನ ಕೆಳಗೆ ಹಳೆಯ ಸುತ್ತೋಲೆಗಳ ಒಂದು ಕಟ್ಟು ಇಟ್ಟಿದ್ದರು. ಆ ದಿನ ಮೇಲಿನಿಂದ ಯಾವುದೋ ಹಳೆಯ ಸುತ್ತೋಲೆಯ ಪ್ರತಿ ಬೇಕೆಂದು ಪತ್ರ ಬಂದದ್ದರಿಂದ ಕಟ್ಟನ್ನು ಎಳೆದುಕೊಂಡಿದ್ದರು. ಮೇಜು ಬಲಕ್ಕೆ ವಾಲಿ ನಿಂತಿತ್ತು. ಅದರ ಮೇಲಿನ ಮುಖವಾಡವೂ ವಾಲಿತ್ತು.

ನಕ್ಷೆಯವರು ಕೋನಮಾಪಕ ಹಿಡಿದು, ಕಿಟಕಿಯ ಚೌಕಟ್ಟಿನ ನೇರಕ್ಕೆ ಹುಬ್ಬನ್ನು ಅಳೆದರು. "ಹತ್ತು ಡಿಗ್ರಿ."

"ಸಾರ್, ಮೇಜು..." ಎಂದ ಉಳಿಯಣ್ಣ.

"ಮೇಜಿನ ವಿಷಯ ಬೇರೆ ವಿಭಾಗ" ಎಂದರು ಅಧಿಕಾರಿಗಳು. ಉಳಿಯಣ್ಣನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಮೂರು ಗಂಟೆ ನಲವತ್ತು ನಿಮಿಷಕ್ಕೆ ಅಧಿಕಾರಿಗಳು "ಆಹಾ" ಎಂದರು. ನಕ್ಷೆಯವರೂ ಇನ್ನೊಬ್ಬ ಗುಮಾಸ್ತರೂ ಸಾಕ್ಷಿಗಳಾಗಿ ಸಹಿ ಹಾಕಿದರು. ಸ್ಫೂರ್ತಿ ಬಂದು ದಾಖಲಾಯಿತು.

ಎರಡು ತಿಂಗಳೊಳಗೆ ಊರಿನ ಎಲ್ಲ ಕಚೇರಿಗಳಿಗೂ ಹೊಸ ಬೆಂಚು ಬಂದವು. ಎಡತುದಿ ಮೇಲೆ, ಬಲತುದಿ ಕೆಳಗೆ, ನಡುವೆ ಹತ್ತು ಡಿಗ್ರಿ ಸಂಪ್ರದಾಯ. ಆಸ್ಪತ್ರೆಯಲ್ಲಿ ಮೊದಲ ದಿನ ಹಲ್ಲುನೋವಿನವರು ಆರು ಜನ ಕೂತರು. ಸ್ವಲ್ಪ ಹೊತ್ತಿಗೆ ಆರೂ ಜನ ಬಲತುದಿಯಲ್ಲಿ ಒಬ್ಬರ ಮೇಲೊಬ್ಬರು ಒರಗಿ ಒಂದೇ ಸಂಸಾರದವರಂತೆ ಕಂಡರು. ದೂರು ಬಂದವು. ಇಲಾಖೆ ಪ್ರಕಟಣೆ ಹೊರಡಿಸಿತು: "ಬೆಂಚಿನ ಮೇಲೆ ಜಾರುವುದು ದೋಷವಲ್ಲ, ಪರಂಪರೆ. ಸಾರ್ವಜನಿಕರು ಗೌರವಪೂರ್ವಕವಾಗಿ ಜಾರಬೇಕೆಂದು ಕೋರಲಾಗಿದೆ. ಜಾರುವಾಗ ಚಪ್ಪಲಿಯಿಂದ ತಡೆಯುವವರ ಮೇಲೆ ಕ್ರಮ ಕೈಗೊಳ್ಳಲಾಗುವುದು."

ಕೊನೆಯವರು ನೆಲಕ್ಕೆ ಬೀಳದಂತೆ ಪ್ರತಿ ಬೆಂಚಿನ ಬಲತುದಿಗೆ ಒಂದು ಕಬ್ಬಿಣದ ತಡೆ ಹಾಕಿಸಲಾಯಿತು. ಅದರ ಹೆಸರು 'ಪರಂಪರಾ ರಕ್ಷಕ'. ಅದನ್ನು ತಯಾರಿಸುವ ಏಕೈಕ ಅರ್ಹ ಸಂಸ್ಥೆ ನಿರ್ದೇಶಕರ ಭಾವಮೈದುನನದಾಗಿರುವುದು ಕೇವಲ ಕಾಕತಾಳೀಯ ಎಂದು ತನಿಖೆಗೂ ಮೊದಲೇ ವರದಿ ಬಂತು. ಜನ ಬೇಗ ಹೊಂದಿಕೊಂಡರು. ಮೊದಲು ಬಂದವರು ತಾವಾಗಿಯೇ ಮುಂದಕ್ಕೆ ಜಾರುತ್ತಿದ್ದರಿಂದ ಸರತಿಯಲ್ಲಿ ಜಗಳವೇ ನಿಂತುಹೋಯಿತು. ದಿನಗಟ್ಟಲೆ ಕೂತವರ ಕುತ್ತಿಗೆ ಒಂದು ಕಡೆಗೆ ವಾಲಿ, ಹಾಗೆಯೇ ಉಳಿಯತೊಡಗಿತು. ಎಲ್ಲರದೂ ಒಂದೇ ಕಡೆಗೆ ವಾಲಿದ್ದರಿಂದ ಯಾರಿಗೂ ಅದು ಕಾಣಿಸಲಿಲ್ಲ.

ಏಳು ದಿನ ಹೋಗಿ ಹನ್ನೆರಡು ವಾರವಾಯಿತು. ಮಗಳು ಫೋನು ಮಾಡಿದಾಗಲೆಲ್ಲ ಕೇಳುತ್ತಿದ್ದಳು. "ಅಪ್ಪ, ಮುಖವಾಡ ಬಂತಾ? ಡಾಕ್ಟರು ಮುಂದಿನ ತಿಂಗಳು ಅಂದಿದಾರೆ."

"ಬರುತ್ತಮ್ಮಾ, ಬರುತ್ತೆ."

"ಯಾವುದು, ಮಗೂನಾ ಮುಖವಾಡಾನಾ?"

ಉಳಿಯಣ್ಣ ಇಲಾಖೆಗೆ ಹೋದ. ಅವನ ಅಪ್ಪನ ನಗುಮುಖ ಈಗ ಗಾಜಿನ ಪೆಟ್ಟಿಗೆಯಲ್ಲಿತ್ತು. ಕೆಳಗೆ ಹಿತ್ತಾಳೆಯ ಫಲಕ: 'ಶಾಶ್ವತ ಮಾದರಿ. ಕೆತ್ತನೆಗಾರರ ಮಗನ ಜನನದ ಕ್ಷಣದಲ್ಲಿ ಎಡಹುಬ್ಬು ಹತ್ತು ಡಿಗ್ರಿ ಏರಿತು.'

"ಶಾಶ್ವತ ಅಂದ್ರೆ ಸಾರ್?"

"ಬೆಂಚು ಇರೋವರೆಗೂ ಮಾದರಿ ಇಲ್ಲೇ ಇರಬೇಕು. ನಿಯಮ."

"ಬೆಂಚು ಎಷ್ಟು ದಿನ ಇರ್ತವೆ?"

ಅಧಿಕಾರಿಗಳು ಪ್ರಾಮಾಣಿಕರು. "ನಮ್ಮ ಬೆಂಚು ಎರಡು ವರ್ಷ ಬಂದ್ರೆ ಹೆಚ್ಚು. ಆದ್ರೆ ನಿಯಮದಲ್ಲಿ ಶಾಶ್ವತ ಅಂತಾನೇ ಇದೆಯಲ್ಲ."

ಅರ್ಜಿ ಕೊಡಿ ಎಂದರು, ಕೊಟ್ಟ. ನಾಳೆ ಬನ್ನಿ ಎಂದರು, ಹೋದ. ಹೋದಾಗಲೆಲ್ಲ ಮೊಗಸಾಲೆಯ ಬೆಂಚಿನ ಎಡತುದಿಯಲ್ಲಿ ಕೂರುತ್ತಿದ್ದ, ಜಾರಿ ಜಾರಿ ಬಲತುದಿಗೆ ಮುಟ್ಟುತ್ತಿದ್ದ. ಆ ಬಲತುದಿ ದಾಖಲೆ ಕೋಣೆಯ ಬಾಗಿಲಿಗೆ ತಾಗಿಕೊಂಡಿತ್ತು. ಒಳಗೆ ದಾಖಲೆಗಳನ್ನು ನೋಡಿಕೊಳ್ಳುವ ಮೇಡಂ ಇದ್ದರು. ನಿವೃತ್ತಿಗೆ ಎಂಟು ತಿಂಗಳಿದ್ದುದರಿಂದ ಅವರಿಗೆ ಯಾರ ಹೆದರಿಕೆಯೂ ಇರಲಿಲ್ಲ. ಒಂಬತ್ತನೆಯ ಸಲ ಉಳಿಯಣ್ಣ ಬಂದು ಬಾಗಿಲ ಪಕ್ಕದ ಕಬ್ಬಿಣದ ತಡೆಗೆ ಢಿಕ್ಕಿ ಹೊಡೆದಾಗ ಅವರು ಕನ್ನಡಕ ಕೆಳಗಿಳಿಸಿದರು.

"ಏನಣ್ಣ, ದಿನಾ ಜಾರಿಕೊಂಡು ಬರ್ತೀರಲ್ಲ. ಏನು ಕೆಲಸ?"

ಉಳಿಯಣ್ಣ ಹೇಳಿದ. ಹೆಂಗಸಿನ ಮುಂದೆ, ಅದೂ ಕೂತ ಕುರ್ಚಿಯಿಂದ ಏಳದೆ ಚಹಾ ಕೊಟ್ಟ ಹೆಂಗಸಿನ ಮುಂದೆ, ಅವನ ನಾಲಿಗೆ ಸಡಿಲವಾಗಿಯೇ ಇತ್ತು.

ಮೇಡಂ ಎಲ್ಲ ಕೇಳಿ ಹೇಳಿದರು: "ಮೂವತ್ತನಾಲ್ಕು ವರ್ಷ ಆಯ್ತು ನಾನಿಲ್ಲಿ. ಅಸಲಿ ಅಂತ ಒಳಗೆ ಬಂದ ಒಂದು ವಸ್ತುನೂ ಆಚೆ ಹೋಗಿದ್ದು ನೋಡಿಲ್ಲ. ಆಚೆ ಹೋಗೋದು ನಕಲಿ ಮಾತ್ರ. ನಕಲಿ ಅಂತ ಗೊತ್ತಾದ್ರೆ ಸಾಕು, ಕೊಟ್ಟವನನ್ನೇ ಕರೆಸಿ, ಎತ್ಕೊಂಡು ಹೋಗು ಅಂತ ದಬಾಯಿಸ್ತಾರೆ. ಅದಕ್ಕೂ ಒಂದು ನಿಯಮ ಇದೆ." ಅಷ್ಟು ಹೇಳಿ ಕನ್ನಡಕ ಏರಿಸಿಕೊಂಡು ಕಡತದೊಳಗೆ ಮುಳುಗಿದರು.

ಉಳಿಯಣ್ಣ ಮನೆಗೆ ಹೋಗಿ ಎರಡು ದಿನ ಯೋಚನೆ ಮಾಡಿ, ಅವತ್ತು ಮೇಜು ಎಷ್ಟು ವಾಲಿತ್ತೆಂದು ಕಣ್ಣಳತೆಯಲ್ಲೇ ಲೆಕ್ಕ ಹಾಕಿದ. ಮೂರನೆಯ ದಿನ ಬಂದು, ಅಧಿಕಾರಿಗಳ ಮುಂದೆ ಕೈಕಟ್ಟಿ ನಿಂತು, ಕಷ್ಟಪಟ್ಟು ಒಂದೇ ಮಾತು ಹೇಳಿದ. "ಸಾರ್, ಆ ಹುಬ್ಬು ಏಳೇ ಡಿಗ್ರಿ ಇರೋದು."

ಅಧಿಕಾರಿಗಳು ನಕ್ಕರು. ನಕ್ಷೆಯವರನ್ನು ಕರೆಸಿದರು. ಮುಖವಾಡವನ್ನು ಪೆಟ್ಟಿಗೆಯಿಂದ ತೆಗೆದು ಅದೇ ಮೇಜಿನ ಮೇಲೆ ನಿಲ್ಲಿಸಿದರು. ಸುತ್ತೋಲೆಗಳ ಕಟ್ಟು ಎಷ್ಟೋ ದಿನಗಳ ಹಿಂದೆಯೇ ಮೇಜಿನ ಕಾಲಡಿಗೆ ಮರಳಿ, ಮೇಜು ನೆಟ್ಟಗಾಗಿತ್ತು. ನಕ್ಷೆಯವರು ಅಳೆದರು. ಕೋನಮಾಪಕ ಒರೆಸಿ ಇನ್ನೊಮ್ಮೆ ಅಳೆದರು. ಆಮೇಲೆ ಕೂತುಬಿಟ್ಟರು.

"ಏಳು ಸಾರ್."

ಮುಂದಿನ ತಿಂಗಳು ಮೇಲಿನಿಂದ ತಪಾಸಣಾ ತಂಡ ಬರುವುದಿತ್ತು. ನಾಲ್ಕು ಸಾವಿರ ಬೆಂಚುಗಳು ಮೂರು ಮೂರು ಡಿಗ್ರಿ ಹೆಚ್ಚಿಗೆ ವಾಲಿದ್ದವು. ಬೆಂಚು ಬದಲಾಯಿಸುವಂತಿರಲಿಲ್ಲ. ದೃಢೀಕರಿಸಿದ ಸ್ಫೂರ್ತಿಯನ್ನು ಹಿಂಪಡೆಯುವಂತೆಯೂ ಇರಲಿಲ್ಲ. ಮೇಜಿನ ವಿಷಯವಂತೂ ಬೇರೆ ವಿಭಾಗ.

"ಹಾಗಾದ್ರೆ ಹುಬ್ಬನ್ನೇ ಸ್ವಲ್ಪ ತಿದ್ದಿಬಿಡೋಣ" ಎಂದರು ನಕ್ಷೆಯವರು, ತಮ್ಮ ಸಾಧು ದನಿಯಲ್ಲಿ. "ಮೂರು ಡಿಗ್ರಿ ತಾನೆ. ಒಂದು ಚಾಕು ಸಿಕ್ಕರೆ ನಾನೇ..."

ಉಳಿಯಣ್ಣನ ಜೀವ ಬಾಯಿಗೆ ಬಂತು. ಆ ಗಾಬರಿಗೇ ಇರಬೇಕು, ಅಂಟಿದ್ದ ನಾಲಿಗೆ ಕಿತ್ತುಕೊಂಡು ಬಂತು. "ಬೇಡ ಸಾರ್! ಅದು ಅಸಲಿ ಅಲ್ಲ! ಅಸಲಿ ಮನೇಲಿದೆ. ಅವತ್ತು ಗಡಿಬಿಡೀಲಿ ನಕಲಿ ತಂದುಬಿಟ್ಟೆ. ಅಸಲೀದು ಹತ್ತೇ ಡಿಗ್ರಿ, ಒಂದು ಚೂರೂ ಆಚೀಚೆ ಇಲ್ಲ."

ಅಧಿಕಾರಿಗಳ ಮುಖದಲ್ಲಿ ನಗು ಅರಳಿತು. "ಅಲ್ರೀ, ಮೊದಲೇ ಹೇಳೋದಲ್ವಾ? ಇಲಾಖೆಗೆ ಮೋಸ ಮಾಡಿದ್ದೀರಿ, ದೊಡ್ಡ ಉಪಕಾರ ಆಯ್ತು. ಹದಿನೈದು ದಿನದಲ್ಲಿ ಅಸಲಿ ತನ್ನಿ."

ಉಳಿಯಣ್ಣ ಅಸಲಿಯನ್ನು ಕೆತ್ತಲು ಕೂತ. ಮಗಳು ಶಾಲೆಗೆ ಹೋಗುವಾಗಿನ ತುಕ್ಕು ಹಿಡಿದ ಡಬ್ಬಿಯಿಂದ ಕೋನಮಾಪಕ ಹುಡುಕಿ ತೆಗೆದ. ಕೋನಮಾಪಕ ಹಿಡಿದು ಕೆತ್ತಿದ್ದು ಅವನ ಜನ್ಮದಲ್ಲಿ ಅದೇ ಮೊದಲು. ನಗುವನ್ನು ಅಪ್ಪನ ನಗುವಿನಂತೆಯೇ ಬಿಡಿಸಿದ. ಕೆನ್ನೆ ಬಂತು, ಮೂಗು ಬಂತು. ಹೊಗೆ ಹಿಡಿಸಿದ, ಎಣ್ಣೆ ಕುಡಿಸಿದ, ಎಂಟು ದಿನದಲ್ಲಿ ಮರಕ್ಕೆ ಐವತ್ತೆಂಟು ವರ್ಷವಾಯಿತು. ಎಡಹುಬ್ಬನ್ನು ಮಾತ್ರ ಕೊನೆಗೆ ಉಳಿಸಿಕೊಂಡಿದ್ದ.

ಹುಬ್ಬಿಗೆ ಕೂತ ದಿನ ಮಗಳು ಆಸ್ಪತ್ರೆಯಲ್ಲಿದ್ದಳು. ಅಳಿಯ ಜೊತೆಗಿದ್ದ. ಉಳಿಯಣ್ಣ ತನ್ನ ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಅಡುಗೆಮನೆಗೆ ಕಳಿಸಿದ್ದ. ಹತ್ತು ಎಂದರೆ ಹತ್ತೇ ಆಗಬೇಕು, ಹನ್ನೊಂದಾದರೆ ಅಪ್ಪನ ಮುಖವಾಡ ಎಂದೆಂದಿಗೂ ಗಾಜಿನೊಳಗೆ. ಕೊಡತಿ ಮೆಲ್ಲಗೆ ಬೀಳುತ್ತಿತ್ತು. ಉಸಿರನ್ನೂ ಎಣಿಸಿ ಬಿಡುತ್ತಿದ್ದ.

ಅಡುಗೆಮನೆಯಲ್ಲಿ ಫೋನು ಬಂತು. ಹೆಂಡತಿ ಮಾತಾಡಿ ಮುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಗಿಲವರೆಗೆ ಬಂದು ನಿಂತಳು. ಅತ್ತೆ ಹೇಳುತ್ತಿದ್ದ ಕಥೆ ಅವಳಿಗೂ ಗೊತ್ತಿತ್ತಲ್ಲ. ಉಳಿ ಮರದ ಮೇಲಿತ್ತು. ಹೇಳಬೇಕಾದ ಮಾತನ್ನು ಬಾಯಲ್ಲಿಟ್ಟುಕೊಂಡು, ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದು, ಅರ್ಧ ಗಂಟೆ ಹಾಗೇ ನಿಂತಳು. ಉಳಿಯಣ್ಣ ಕೊನೆಯ ಸಿಬಿರು ಊದಿ, ಕೋನಮಾಪಕ ಇಟ್ಟು ನೋಡಿ, ಉಳಿಯನ್ನು ಕೆಳಗಿಟ್ಟ ಮೇಲೆ ಹೇಳಿದಳು:

"ರೀ, ಹೆಣ್ಣು ಮಗು. ಇಬ್ಬರೂ ಚೆನ್ನಾಗಿದಾರೆ."

ಉಳಿಯಣ್ಣ ಎದ್ದು ನಿಂತ, ಮತ್ತೆ ಕೂತ. ಕೈ ನೋಡಿಕೊಂಡ. ಕೈ ಈಗ ನಡುಗುತ್ತಿತ್ತು. ಮುಂದಿದ್ದ ಹುಬ್ಬು ಹತ್ತು ಡಿಗ್ರಿಗೆ, ಒಂದು ಕೂದಲಷ್ಟೂ ತಪ್ಪಿಲ್ಲದೆ, ತಣ್ಣಗೆ ನಿಂತಿತ್ತು.

"ಸ್ವಲ್ಪ ಮುಂಚೆ ಹೇಳಬಾರದಿತ್ತೇನೇ?" ಎಂದ.

ಹುಬ್ಬಿಗೂ ಹೊಗೆ, ಎಣ್ಣೆ ಹಿಡಿಸಿ ಒಯ್ದ ಅಸಲಿಗೆ ಇಲಾಖೆಯಲ್ಲಿ ಒಳ್ಳೆಯ ಸ್ವಾಗತ ಸಿಕ್ಕಿತು. ನಕ್ಷೆಯವರು ಅಳೆದು "ಹತ್ತು" ಎಂದು ಕೂಗಿದಾಗ ಗುಮಾಸ್ತರು ಚಪ್ಪಾಳೆ ತಟ್ಟಿದರು. ನಿರ್ದೇಶಕರೇ ಇಳಿದು ಬಂದು, ಹನ್ನೊಂದು ದಿನದ ಮುಖವಾಡವನ್ನು ಕಣ್ತುಂಬ ನೋಡಿ, "ಹಳೇದಕ್ಕೆ ಇರೋ ಕಳೆಯೇ ಬೇರೆ. ಈಗಿನವರಿಗೆ ಈ ಕೈ ಎಲ್ಲಿ ಬರುತ್ತೆ?" ಎಂದು ನಿಟ್ಟುಸಿರಿಟ್ಟರು. ಉಳಿಯಣ್ಣನಿಗೆ ಬೇಸರವೂ ಆಯಿತು, ಒಳಗೊಳಗೇ ಹೆಮ್ಮೆಯೂ ಆಯಿತು.

ನಕಲಿಯನ್ನು ಎತ್ತಿಕೊಂಡು ಹೋಗಲು ಒಂದು ಘೋಷಣಾ ಪತ್ರಕ್ಕೆ ಸಹಿ ಬೇಕಿತ್ತು. ಅಧಿಕಾರಿಗಳು ಓದಿ ಹೇಳಿದರು: "ಸದರಿ ನಕಲಿ ಮುಖವಾಡವನ್ನು ನನ್ನ ತಂದೆಯವರು ಕೆತ್ತಿರುವುದಿಲ್ಲ. ಸದರಿ ಹುಬ್ಬಿಗೂ ನನ್ನ ಜನನಕ್ಕೂ ಯಾವುದೇ ಸಂಬಂಧ ಇರುವುದಿಲ್ಲ. ನಾನು ಹುಟ್ಟಿದಾಗ ಸದರಿ ಉಳಿಯು ಅಲುಗಾಡಿರುವುದಿಲ್ಲ."

ಉಳಿಯಣ್ಣ ಪೆನ್ನು ಹಿಡಿದು ನಿಂತ. "ಕೊನೇದು ಬೇಕೇಬೇಕಾ ಸಾರ್?"

"ನಿಮ್ಮ ಜನನ ಆಗಲೇ ಅಸಲೀದರ ಫಲಕದಲ್ಲಿ ಇದೆಯಲ್ರೀ. ಒಬ್ಬ ಮನುಷ್ಯ ಎರಡು ಮುಖವಾಡಕ್ಕೆ ಹುಟ್ಟೋಕಾಗುತ್ತಾ?"

ನ್ಯಾಯವಾದ ಮಾತೇ. ಉಳಿಯಣ್ಣ ಗಾಜಿನ ಪೆಟ್ಟಿಗೆ ನೋಡಿದ, ಪಂಚೆಯಲ್ಲಿ ಸುತ್ತಿಟ್ಟ ಗಂಟು ನೋಡಿದ. ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದನೋ ಎಂದುಕೊಂಡೇ ಸಹಿ ಹಾಕಿದ. ಸಹಿ ಪಡೆಯುವ ಕಿಟಕಿಯ ಹಲಗೆಯೂ ಹೊಸ ವಿನ್ಯಾಸದ್ದಾಗಿದ್ದರಿಂದ ಕಾಗದ ಜಾರಿ, ಸಹಿ ಮೇಲಕ್ಕೆ ಹಾರಿತು. ಅಧಿಕಾರಿಗಳು ಅದನ್ನು ಅಳೆದು ನೋಡಿ, "ಸರಿಯಾಗಿದೆ" ಎಂದರು. ಮುಖವಾಡದ ಒಳಮೈಗೆ ನೇರಳೆ ಮುದ್ರೆ ಬಿತ್ತು: 'ನಕಲಿ. ಸ್ಫೂರ್ತಿಗೆ ಅನರ್ಹ.' ಮೊಗಸಾಲೆ ದಾಟುವಾಗ ದಾಖಲೆ ಕೋಣೆಯ ಮೇಡಂ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು, ಅಷ್ಟೆ.

ಮಗಳು ಮಗುವನ್ನು ಕರೆದುಕೊಂಡು ಬಂದ ದಿನ ಓಣಿಯವರೆಲ್ಲ ನೋಡಲು ಬಂದರು. ತೊಟ್ಟಿಲ ಮೇಲೆ ಉಳಿಯಣ್ಣ ಮುಖವಾಡವನ್ನು ತುದಿಗೆ ಗುಂಡು ಕಟ್ಟಿದ ದಾರ ಹಿಡಿದು, ನೇರ ನೋಡಿ, ತೂಗುಹಾಕಿದ್ದ. ಬಂದವರೆಲ್ಲ ತಲೆ ಒಂದು ಕಡೆ ವಾಲಿಸಿ ಅದನ್ನು ನೋಡಿದರು.

"ಮಗು ಮುದ್ದಾಗಿದೆ. ಮುಖವಾಡ ಮಾತ್ರ ಸೊಟ್ಟಗಿದೆ" ಎಂದರು.

ಎಲ್ಲರೂ ಹೋದ ಮೇಲೆ ಮಗಳು ಮುಖವಾಡ ತಿರುಗಿಸಿ, ಒಳಗಿನ ಮುದ್ರೆ ಓದಿ, ಗಾಬರಿಯಾದಳು. "ಅಪ್ಪ, ಇದು ತಾತ ಮಾಡಿದ್ದಲ್ವಾ?"

ಉಳಿಯಣ್ಣ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದ. "ತಾತಂದೇ ಕಣಮ್ಮಾ. ಹೊರಗೆ ಎಲ್ಲೂ ಹೇಳಬೇಡ. ನಕಲಿ ಅಂತ ಸರ್ಕಾರದ ಮುದ್ರೆ ಇರೋವರೆಗೂ ಇದು ನಮ್ಮನೇಲಿರುತ್ತೆ."

ಮಗಳಿಗೆ ಅರ್ಥವಾಯಿತು. ಹೆರಿಗೆಗೆ ಮುಂಚೆ ಅವಳೂ ತಿಂಗಳುಗಟ್ಟಲೆ ಆಸ್ಪತ್ರೆಯ ಬೆಂಚಿನಲ್ಲಿ ಕಾದವಳೇ. ಮುಖವಾಡವನ್ನು ಮತ್ತೆ ಮೊಳೆಗೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿ, ಬೆರಳಿನಿಂದ ಅದನ್ನು ಒಂದಿಷ್ಟು ವಾಲಿಸಿದಳು. "ಈಗ ನೇರ ಆಯ್ತು ನೋಡಿ."

ಹೆಂಡತಿ ಹೌದೆಂದಳು. ಉಳಿಯಣ್ಣನೂ ನೋಡಿದ. ಒಂಬತ್ತು ಸಲ ಇಲಾಖೆಯ ಬೆಂಚಿನಲ್ಲಿ ಜಾರಿದ ಅವನ ಕಣ್ಣಿಗೂ ಅದು ಈಗ ನೇರವಾಗಿಯೇ ಕಂಡಿತು.